ಸಹಾಯ ಬೇಕು: 1915ರ 'ಆನ್ ವಾರ್ ಸರ್ವಿಸ್' ಬ್ಯಾಡ್ಜ್ ಗೊತ್ತಿರೋರು ಯಾರಾದ್ರೂ ಇದೀರಾ?

ನಮಸ್ಕಾರ ಎಲ್ರಿಗೂ, ನಾನಿರೋದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಮೊದಲನೇ ಮಹಾಯುದ್ಧದ ಟೈಮಲ್ಲಿ ಇಲ್ಲಿ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡೀತಿದ್ದೋರಿಗೆ ಕೊಡ್ತಿದ್ದ ಬ್ಯಾಡ್ಜ್‌ಗಳನ್ನ ಕೂಡಿಡ್ತಾ ಇದೀನಿ. ಯೂನಿಫಾರ್ಮ್ ಇಲ್ದೆ ಓಡಾಡೋ ಗಂಡಸರ ಕೈಗೆ ಹೇಡಿ ಅಂತ ಬಿಳಿ ಗರಿ ಕೊಟ್ಟು ಅವಮಾನ ಮಾಡ್ತಿದ್ದ ಕಾಲ ಅದು, ಕೋಟಿನ ಮೇಲೆ ಈ ಬ್ಯಾಡ್ಜ್ ಇದ್ರೆ ಇವನೂ ಯುದ್ಧದ ಕೆಲಸಾನೇ ಮಾಡ್ತಿದಾನೆ ಅಂತ ಗೊತ್ತಾಗ್ತಿತ್ತು. ಅದಕ್ಕೇ ನಂಗೆ ಇವುಗಳ ಮೇಲೆ ಅಷ್ಟು ಪ್ರೀತಿ.

ಈಗ ವಿಷ್ಯಕ್ಕೆ ಬರ್ತೀನಿ. ನನ್ಹತ್ರ 1915ರದ್ದು ಮೂರಿವೆ, ಮುಂದಿನಿಂದ ನೋಡಿದ್ರೆ ಒಂದೇ ಥರ, ಆದ್ರೆ ತಿರುಗಿಸಿದ್ರೆ ಎರಡರಲ್ಲಿ ಬೇರೆ ಬೇರೆ ತಯಾರಕರ ಹೆಸರು, ನಂಬರ್ ಒತ್ತಿರೋ ಅಕ್ಷರದ ಸೈಜೂ ಬೇರೆ, ಮೂರನೇದ್ರಲ್ಲಿ ಹೆಸರೇ ಇಲ್ಲ, ನೀಲಿ ಎನಾಮೆಲ್ ಕೂಡ ಸ್ವಲ್ಪ ತಿಳಿ, ಕೋಟಿನ ಕಾಜಾಕ್ಕೆ ಸಿಕ್ಕಿಸೋ ಕೊಕ್ಕೆ ಬದ್ಲು ಪಿನ್ ಇದೆ. ಆಮೇಲೆ ಯಾರೋ ಬೆಸುಗೆ ಹಾಕಿದ್ದಾ, ಇಲ್ಲಾ ಪೂರ್ತಿ ನಕಲಿನಾ?

ಹೆಂಗಸರಿಗೆ 1916ರಲ್ಲಿ ಬಂದ ತ್ರಿಕೋನದ ಹಿತ್ತಾಳೆ ಬ್ಯಾಡ್ಜೂ ಒಂದು ತಗೊಳ್ಬೇಕು ಅಂತಿದೀನಿ, ಅದ್ರಲ್ಲಿ ಏನೇನು ನೋಡಿ ತಗೋಬೇಕು ಅಂತಾನೂ ದಯವಿಟ್ಟು ಹೇಳಿ. ಪಾಲಿಶ್ ಅಂತೂ ಮಾಡಿಲ್ಲ, ಹಿಂಭಾಗದ ಫೋಟೋ ಬೇಕಿದ್ರೆ ಹಾಕ್ತೀನಿ.