ಕರೆಂಟ್ ಹೋಗಿ ಬಂದ ಮೇಲೆ ಕೀಬೋರ್ಡ್ ಸತ್ತಿದೆ, ಹೊಸದು ತರೋದಾ?

ಪ್ರಶ್ನೆ (ಹೊಸನಗರ ಕಡೆಯಿಂದ):
ಸರ್, ನಮ್ಮ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದೆ, ವಿಂಡೋಸ್ 7. ಅಡಿಕೆ ಲೆಕ್ಕ, ಅರ್ಜಿ-ಗಿರ್ಜಿ ಎಲ್ಲ ಅದರಲ್ಲೇ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಒಂದು ಕೀಯೂ ಕೆಲಸ ಮಾಡುತ್ತಿಲ್ಲ. ಮೌಸ್ ಸರಿ ಇದೆ. ಕೀಬೋರ್ಡಿನದು ದುಂಡಗಿನ ನೇರಳೆ ಪಿನ್. ಆನ್ ಇದ್ದಾಗಲೇ ಕಳಚಿ ಹಾಕಿ ನೋಡಿದೆ, ಊಹೂಂ. ಹೊಸದು ತರೋದಾ, ಸಿಪಿಯುವನ್ನೇ ಶಿವಮೊಗ್ಗಕ್ಕೆ ಹೊತ್ತು ತರೋದಾ? ಈ ಮಳೆಯಲ್ಲಿ ಅದನ್ನು ಬಸ್ಸಿಗೆ ಹಾಕೋಕೆ ಧೈರ್ಯ ಬರುತ್ತಿಲ್ಲ.

ಉತ್ತರ (ರಿಪೇರಿ ಕೆಲಸದವರು, ಶಿವಮೊಗ್ಗ):
ಸದ್ಯಕ್ಕೆ ಎರಡೂ ಬೇಡ ಮಾರಾಯ್ರೇ. ಆ ದುಂಡಗಿನ ಪಿನ್ ಪಿಎಸ್/2, ಐಬಿಎಂನವರು 1987ರಲ್ಲಿ ತಂದದ್ದು. ಯುಎಸ್‌ಬಿ ತರ ಆನ್ ಇದ್ದಾಗ ಕಳಚಿ ಹಾಕುವಂಥದ್ದಲ್ಲ. ಹಾಗೆ ಹಾಕಿದರೆ ರೀಸ್ಟಾರ್ಟ್ ಆಗುವವರೆಗೆ ಕಂಪ್ಯೂಟರ್ ಅದನ್ನು ಗುರುತಿಸದೇ ಇರಬಹುದು. ಕೆಲವು ಹಳೇ ಮದರ್‌ಬೋರ್ಡ್‌ಗಳಲ್ಲಿ ಪೋರ್ಟಿನ, ಅಂದರೆ ಪಿನ್ ಹಾಕುವ ತೂತಿನ, ಫ್ಯೂಸೇ ಹೋಗುತ್ತದೆ.

ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಐದು ನಿಮಿಷ ಬಿಡಿ. ಪಿನ್ ತೆಗೆದು ಒಳಗಿನ ಕಡ್ಡಿ ಯಾವುದಾದರೂ ಬಾಗಿದೆಯಾ ನೋಡಿ. ನೇರಳೆ ತೂತಿಗೇ ಹಾಕಿ, ಹಸಿರು ಮೌಸಿನದು.

ಈಗ ಆನ್ ಮಾಡುವಾಗ ಪರದೆ ನೋಡಬೇಡಿ, ಕೀಬೋರ್ಡಿನ ಲೈಟ್ ನೋಡಿ. ನಮ್ ಲಾಕ್ (Num Lock) ಸಾಲಿನ ಲೈಟುಗಳು ಒಂದು ಸಲ ಮಿಂಚಿದರೆ ಕೀಬೋರ್ಡಿಗೆ ಕರೆಂಟ್ ಹೋಗುತ್ತಿದೆ. ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ, ಹೋಗಿ. ಅಲ್ಲಿ ಬಾಣದ ಕೀಗಳು ಓಡಾಡಿದರೆ ಕೀಬೋರ್ಡ್ ಚೆನ್ನಾಗೇ ಇದೆ, ತೊಂದರೆ ವಿಂಡೋಸಿನದು. ಹೆಚ್ಚಾಗಿ ಡ್ರೈವರ್ (ಕೀಬೋರ್ಡ್ ನಡೆಸುವ ಸಾಫ್ಟ್‌ವೇರ್), ಇಲ್ಲವೇ ಫಿಲ್ಟರ್ ಕೀಸ್, ಅಂದರೆ ಚೂರೇ ಒತ್ತಿ ಬಿಟ್ಟ ಕೀಗಳನ್ನು ವಿಂಡೋಸ್ ಲೆಕ್ಕಕ್ಕೇ ತಗೊಳ್ಳದ ಸೆಟ್ಟಿಂಗ್. ಬಲಗಡೆ ಶಿಫ್ಟ್ 8 ಸೆಕೆಂಡ್ ಒತ್ತಿದರೆ ಅದು ಚಾಲೂ ಆಗಿಬಿಡುತ್ತದೆ, ಯಾರೋ ಪುಸ್ತಕ ಇಟ್ಟರೂ ಸಾಕು. ಕಂಟ್ರೋಲ್ ಪ್ಯಾನೆಲ್‌ನ ಈಸ್ ಆಫ್ ಆಕ್ಸೆಸ್‌ನಲ್ಲಿ ಮೌಸಿನಿಂದಲೇ ಆಫ್ ಮಾಡಬಹುದು. ಪಾಸ್‌ವರ್ಡ್ ಕೇಳಿದರೆ ಲಾಗಿನ್ ಪರದೆಯ ಕೆಳಗಿನ ಎಡ ಮೂಲೆಯ ಗುರುತು ಒತ್ತಿ, ಅಲ್ಲಿ ಆನ್‌ಸ್ಕ್ರೀನ್ ಕೀಬೋರ್ಡ್‌ಗೆ ಟಿಕ್ ಹಾಕಿದರೆ ಪರದೆಯ ಮೇಲೆಯೇ ಕೀಗಳು ಬರುತ್ತವೆ.

ಪ್ರಶ್ನೆ ಕೇಳಿದವರು:
ಲೈಟೇ ಬರಲಿಲ್ಲ ಸರ್. ಪಕ್ಕದ ಮನೆಯ ಯುಎಸ್‌ಬಿ ಕೀಬೋರ್ಡ್ ಹಾಕಿದೆ, ಅದು ನಡೆಯುತ್ತಿದೆ!

ಉತ್ತರ:
ಹಾಗಾದರೆ ಹೋಗಿರುವುದು ನಿಮ್ಮ ಕೀಬೋರ್ಡ್ ಅಥವಾ ಆ ಪೋರ್ಟ್, ಎರಡರಲ್ಲಿ ಒಂದು. ಪೋರ್ಟ್ ಆಗಿದ್ದರೂ ಅದಕ್ಕಾಗಿ ಮದರ್‌ಬೋರ್ಡ್ ರಿಪೇರಿ ಮಾಡಿಸಬೇಡಿ, ದುಡ್ಡು ದಂಡ. ಸುಮ್ನೆ ಒಂದು ಯುಎಸ್‌ಬಿ ಕೀಬೋರ್ಡ್ ತಗೊಳ್ಳಿ. ಬಯೋಸ್‌ನಲ್ಲಿ ಯುಎಸ್‌ಬಿ ಲೆಗಸಿ ಸಪೋರ್ಟ್ ಆನ್ ಇರಲಿ, ಇಲ್ಲದಿದ್ದರೆ ವಿಂಡೋಸ್ ಬರುವವರೆಗೆ ಅದು ಮಿಸುಕಾಡುವುದಿಲ್ಲ.

ಇನ್ನೊಬ್ಬರು (ಆಗುಂಬೆ ಕಡೆಯಿಂದ):
ನಮ್ಮದರಲ್ಲಿ ಲೈಟ್ ಬರುತ್ತದೆ, ನಾಲ್ಕೈದು ಕೀ ಮಾತ್ರ ಇಲ್ಲ. ಮಳೆಗಾಲದಲ್ಲೇ ಯಾಕೆ ಸರ್ ಹೀಗೆ?

ಉತ್ತರ:
ನಿಮ್ಮ ಊರಿನ ಥಂಡಿಗೆ ಬಟ್ಟೆಯೇ ಒಣಗಲ್ಲ, ಅಲ್ವಾ? ಕೀಗಳ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಗಳಿವೆ, ಅದರ ಮೇಲೆ ಕರೆಂಟ್ ಹರಿಯುವ ಗೆರೆಗಳು. ಶೀತಕ್ಕೆ ಒಂದು ಗೆರೆ ತಿಂದುಹೋದರೆ ಆ ಗೆರೆಯ ಕೀಗಳೆಲ್ಲ ಒಟ್ಟಿಗೆ ಸಾಯುತ್ತವೆ. ಹಿಂದಿನ ಸ್ಕ್ರೂ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಗಾಳಿಗೆ ಇಡಿ. ಬರೀ ಒದ್ದೆಯಾಗಿದ್ದರೆ ಸರಿಹೋಗುತ್ತದೆ, ಗೆರೆ ಕಪ್ಪಾಗಿ ಕಡಿದಿದ್ದರೆ ಇಲ್ಲ. ದಯವಿಟ್ಟು ಬಚ್ಚಲ ಒಲೆ ಹತ್ತಿರ ಇಡಬೇಡಿ, ಹಾಳೆ ಸೊಟ್ಟಗಾಗುತ್ತದೆ. ಹಾಗೆ ಇಟ್ಟು ತಂದವರು ಬೇಕಾದಷ್ಟಿದ್ದಾರೆ.

ಪ್ರಶ್ನೆ ಕೇಳಿದವರು:
ಹಳೇ ದುಂಡಗಿನ ಪಿನ್ನಿಗೆ ಯುಎಸ್‌ಬಿ ಕನ್ವರ್ಟರ್ ಹಾಕಿದರೆ?

ಉತ್ತರ:
ಕೆಲವು ಯುಎಸ್‌ಬಿ ಕೀಬೋರ್ಡಿನ ಜೊತೆ ಬರುತ್ತಿದ್ದ ಪುಟ್ಟ ನೇರಳೆ ಕನ್ವರ್ಟರ್ ಇದಕ್ಕೆ ಆಗಲ್ಲ. ಅದು ಯುಎಸ್‌ಬಿ ಕೀಬೋರ್ಡನ್ನು ದುಂಡಗಿನ ತೂತಿಗೆ ಸೇರಿಸಲು. ನಿಮಗೆ ಬೇಕಾದದ್ದು ಒಳಗೆ ಚಿಪ್ ಇರುವುದು. ಅಷ್ಟು ಹುಡುಕುವ ಬದಲು ಹೊಸ ಕೀಬೋರ್ಡೇ ವಾಸಿ. ನುಡಿ ತಂತ್ರಾಂಶದಲ್ಲಿ ಕನ್ನಡ ಬರೆಯುತ್ತೀರಾದರೆ ಕೊಳ್ಳುವಾಗ ಸ್ಕ್ರೋಲ್ ಲಾಕ್ ಕೀ ಇದೆಯಾ ನೋಡಿಕೊಳ್ಳಿ, ಕನ್ನಡ-ಇಂಗ್ಲಿಷ್ ಬದಲಾಯಿಸುವುದು ಅದರಿಂದ. ಸಣ್ಣ ಕೀಬೋರ್ಡುಗಳಲ್ಲಿ ಅದನ್ನು ತೆಗೆದುಹಾಕಿರುತ್ತಾರೆ.