ಮಸೀದಿಯ ಅಡ್ಡರಸ್ತೆಯಲ್ಲಿ ಬಾಡಿಗೆ ಮನೆ: ಮುಂಗಡ ಕೊಡುವ ಮುನ್ನ ಕೇಳುತ್ತಿದ್ದೇನೆ

ಹೊಸ ಬಾಡಿಗೆದಾರಳು, ತುಮಕೂರು
ಮಾನ್ಯರೇ, ಊರ ಹೊರವಲಯದ ಬಡಾವಣೆಯೊಂದರಲ್ಲಿ ನಾವು ಒಪ್ಪಿರುವ ಮನೆಗೂ ಮಸೀದಿಗೂ ಒಂದೇ ಅಡ್ಡರಸ್ತೆಯ ಅಂತರ. ಅದೇ ರಸ್ತೆಯ ಒಂದು ತುದಿಗೆ ಗಣಪತಿ ಗುಡಿ, ಮೂಲೆಗೆ ಸಣ್ಣ ಚರ್ಚು. ನೀರು, ಬಾಡಿಗೆ ಎಲ್ಲವೂ ಸರಿಹೊಂದಿದ್ದರೂ ನಮ್ಮ ಮಾವನವರು ಎರಡು ಅನುಮಾನ ಎತ್ತಿದ್ದಾರೆ: ಬೆಳಗಿನ ಜಾವದ ಆಜಾನ್‌ಗೆ ಎಂಟು ತಿಂಗಳ ಮಗು ಎದ್ದುಬಿಡುವುದಿಲ್ಲವೇ, ಶುಕ್ರವಾರ ನಮ್ಮ ಗೇಟಿಗೆ ಅಡ್ಡಲಾಗಿ ಗಾಡಿಗಳು ನಿಲ್ಲುವುದಿಲ್ಲವೇ? ಬೇರೆ ಧರ್ಮದವರು ಮಸೀದಿಯ ಒಳಗೆ ಹೋಗಬಹುದೇ ಎಂಬುದು ನನ್ನ ಪ್ರಶ್ನೆ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದೂ ಒಮ್ಮೆಯೂ ಹೋಗಿಲ್ಲವಲ್ಲ ಎಂದು ಈಗ ಸಂಕೋಚವಾಗುತ್ತಿದೆ.

ಹನ್ನೆರಡು ವರ್ಷದ ನಿವಾಸಿ
2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಇದು ಮಸೀದಿಗೆ ಎಷ್ಟೋ ಧನುರ್ಮಾಸದ ಸುಪ್ರಭಾತಕ್ಕೂ ಅಷ್ಟೇ ಅನ್ವಯಿಸುತ್ತದೆ. ಫಜರ್ ಎಂಬ ಬೆಳಗಿನ ಜಾವದ ನಮಾಜಿನ ಸಮಯವು ನಮ್ಮ ಕಡೆ ಋತುವಿಗೆ ತಕ್ಕಂತೆ ನಾಲ್ಕೂವರೆಯಿಂದ ಐದೂವರೆಯ ನಡುವೆ ಬರುವುದರಿಂದ, ಈ ನಿಯಮ ಪಾಲಿಸಬೇಕೆಂಬ 2022ರ ಸರ್ಕಾರಿ ಸುತ್ತೋಲೆಯ ನಂತರ ನಮ್ಮ ಬೀದಿಯ ಮಸೀದಿಯಲ್ಲಿ ಆ ಒಂದು ಆಜಾನನ್ನು ಮೈಕಿಲ್ಲದೆ ಒಳಗೇ ಕೂಗುತ್ತಾರೆ. ನಿಮ್ಮಲ್ಲಿನ ಪದ್ಧತಿಯನ್ನು ಪಕ್ಕದ ಮನೆಯವರಲ್ಲಿ ವಿಚಾರಿಸಿ. ಗಾಡಿಗಳ ವಿಷಯ ಮಾತ್ರ ನಿಜವಾದ ತೊಂದರೆ. ಶುಕ್ರವಾರ ಮಧ್ಯಾಹ್ನ ಒಂದೂಕಾಲು ಗಂಟೆಗೆ ನೀವೇ ಹೋಗಿ ಆ ಗೇಟಿನ ಮುಂದೆ ನಿಂತು ನೋಡಿ, ಆಮೇಲೆ ಮುಂಗಡ ಕೊಡಿ.

ಜಮಾತ್ ಸದಸ್ಯ
ಸಹೋದರಿ, ಧಾರಾಳವಾಗಿ ಬರಬಹುದು. ನಮಾಜಿನ ಹೊತ್ತು ಬಿಟ್ಟು, ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯವರಿಗೋ ನಮಾಜು ನಡೆಸುವ ಇಮಾಮರಿಗೋ ಮೊದಲೇ ತಿಳಿಸಿ, ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಸೆರಗು ಹೊದ್ದು ಬಂದರೆ ಸಾಕು. ಒಳಗೆ ನಿಮಗೆ ಮೂರ್ತಿಯಾಗಲಿ ಗೋರಿಯಾಗಲಿ ಕಾಣುವುದಿಲ್ಲ: ವಜೂ ಮಾಡುವ, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ, ನಲ್ಲಿಗಳ ಸಾಲು, ಸಾಲು ತಪ್ಪದಂತೆ ನಿಲ್ಲಲು ಗೆರೆ ಇರುವ ಜಮಖಾನೆ, ಪಶ್ಚಿಮದ ಗೋಡೆಯಲ್ಲಿ ಮಿಹ್ರಾಬ್ ಎಂಬ ಗೂಡು, ಅದರ ಪಕ್ಕದಲ್ಲಿ ಇಮಾಮರು ಜುಮ್ಮಾ (ಶುಕ್ರವಾರ ಮಧ್ಯಾಹ್ನದ ನಮಾಜು) ಪ್ರವಚನಕ್ಕೆ ಹತ್ತುವ ಮೂರು ಮೆಟ್ಟಿಲ ಮಿಂಬರ್. ಗೋಡೆಯ ಹಲಗೆಯೊಂದರಲ್ಲಿ ಆರು ಗಡಿಯಾರಗಳಿದ್ದು ಒಂದೂ ಓಡದಿದ್ದರೆ ಕೆಟ್ಟಿವೆಯೆಂದು ತಿಳಿಯಬೇಡಿ. ಐದು ಹೊತ್ತಿನ ನಮಾಜಿಗೂ ಜುಮ್ಮಾಕ್ಕೂ ಒಂದೊಂದರಂತೆ, ಸಾಮೂಹಿಕ ನಮಾಜು ಆರಂಭವಾಗುವ ಸಮಯಕ್ಕೆ ಮುಳ್ಳನ್ನು ಕೈಯಿಂದಲೇ ತಿರುಗಿಸಿ ಇಟ್ಟಿರುತ್ತಾರೆ.
ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ನಮ್ಮ ಮಸೀದಿಯಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ಥಳ ಇನ್ನೂ ಆಗಿಲ್ಲ. ಅವರ ಪ್ರವೇಶಕ್ಕೆ ಧರ್ಮದ ನಿಷೇಧವಿಲ್ಲವೆಂದು ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆಯಾದರೂ, ನಮ್ಮಲ್ಲಿ ಜಾಗದ ನೆಪ ಮುಂದುವರಿದಿದೆ.

ಶಿರಾದವರು
ಮಸೀದಿಯನ್ನೂ ದರ್ಗಾವನ್ನೂ ಒಂದೇ ಎಂದುಕೊಂಡವರು ಬಹಳ. ಸಂತರ ಸಮಾಧಿಯಿರುವ ದರ್ಗಾಕ್ಕೆ ಹರಕೆ ಹೊತ್ತು ಹೋಗುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಎಲ್ಲ ಜಾತಿಯವರೂ ಬರುತ್ತಾರೆ, ಹಳ್ಳಿಗಳಲ್ಲಿ ಮೊಹರಂ ‘ಬಾಬಯ್ಯನ ಹಬ್ಬ’ವಾಗಿದೆ. ಆದರೆ ಮಸೀದಿಯಲ್ಲಿ ಹರಕೆಗೆ ಕೆಲಸವಿಲ್ಲದ ಕಾರಣ ನಮಗೆ ಅದರೊಳಗೆ ಹೋಗುವ ಪ್ರಮೇಯವೇ ಬರಲಿಲ್ಲ. ಮೊದಲ ಸಲ ನೋಡುವವರು ಶಿರಾಕ್ಕೆ ಬನ್ನಿ: ಮೊಗಲರ ಕಾಲದಲ್ಲಿ, 1696ರಲ್ಲಿ, ಕಲ್ಲಿನಿಂದ ಕಟ್ಟಿದ ಜಾಮಿಯಾ ಮಸೀದಿಯೂ ಅದಕ್ಕಿಂತ ಹಳೆಯದಾದ, ಶಿರಾದ ಅಧಿಕಾರಿಯಾಗಿದ್ದ ಮಲಿಕ್ ರಿಹಾನ್ ಅವರ ಸಮಾಧಿಯೂ ಒಂದೇ ಊರಿನಲ್ಲಿವೆ, ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ.

ಹೊಸ ಬಾಡಿಗೆದಾರಳು, ತುಮಕೂರು
ಎಲ್ಲರಿಗೂ ಧನ್ಯವಾದಗಳು. ಶುಕ್ರವಾರ ಮಾವನವರೇ ಹೋಗಿ ನಿಂತಿದ್ದರು. ಗೇಟಿಗೆ ಅಡ್ಡವಾಗಿ ಎರಡು ಬೈಕು ನಿಂತವು, ಕೇಳಿದ ಕೂಡಲೇ ತೆಗೆದರಂತೆ, ಮುಂಗಡ ಕೊಟ್ಟಾಯಿತು. ‘ಇಲ್ಲಿ ವಾಹನ ನಿಲ್ಲಿಸಬೇಡಿ’ ಎಂಬ ಫಲಕವನ್ನು ಕನ್ನಡದ ಕೆಳಗೆ ಉರ್ದುವಿನಲ್ಲೂ ಬರೆಸಬೇಕೆಂಬುದು ಅವರ ಹಠ. ಜಮಾತ್ ಸದಸ್ಯರೇ, ಆ ಒಂದು ಸಾಲನ್ನು ದಯವಿಟ್ಟು ಬರೆದುಕೊಡುವಿರಾ?