ತಾರಸಿ ಇನ್ಸುಲೇಷನ್: ಕಂದಾಯ ರಸೀದಿ, ನಕ್ಷೆ ಮುಂದಿಟ್ಟುಕೊಂಡು ಕೇಳಿ (ಮೈಸೂರು–ಮಂಡ್ಯ)

ಎಂಜಿನಿಯರ್: ಪ್ರಶ್ನೆ ಜೊತೆ ಮೂರು ವಿಷಯ ಬರೆಯಿರಿ. ಕಂದಾಯ ರಸೀದಿಯಲ್ಲಿರುವ ಕಟ್ಟಡದ ಅಳತೆ, ಗೂಗಲ್ ಅರ್ಥ್‌ನಲ್ಲಿ ಗೆರೆ ಎಳೆದು ಅಳೆದ ತಾರಸಿ, ಮನೆಯ ಪಶ್ಚಿಮಕ್ಕೆ ಏನಿದೆ. ಹೆಸರು ಬೇಡ, ಬಡಾವಣೆ ಸಾಕು.

ಕುವೆಂಪುನಗರ: ಮೇಡಂ, 30×40 ಸೈಟು. ರಸೀದಿಯಲ್ಲಿ 16 ಚದರ. ಅಂಗಡಿಯವರು 1,600 ಅಡಿಗೆ 50 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಪ್ಲಾಸ್ಟಿಕ್ ಫೋಮ್) ಶೀಟಿನ ಲೆಕ್ಕ ಕೊಟ್ಟಿದ್ದಾರೆ. ಸರಿಯಾ?

ಎಂಜಿನಿಯರ್: ಸರಿಯಿಲ್ಲ. ಸೈಟೇ 12 ಚದರ, 16 ಚದರ ಅಂದರೆ ಎರಡು ಅಂತಸ್ತಿನದು. ಬಿಸಿಲು ಬೀಳೋದು ಮೇಲಿನ ಸ್ಲ್ಯಾಬಿಗೆ ಮಾತ್ರ, ಸುಮಾರು 8 ಚದರ. ನಕ್ಷೆಯಲ್ಲಿ ಅಳೆದರೆ ಸಜ್ಜ, ಪೋರ್ಟಿಕೊ ಸೇರಿ ಹೆಚ್ಚು ತೋರಿಸುತ್ತೆ. ಆದ್ದರಿಂದ ಕೊನೆಗೆ ಪ್ಯಾರಾಪೆಟ್ ಒಳಗೆ ಟೇಪ್ ಹಿಡಿದು ಅಳೆಯಿರಿ, ಟ್ಯಾಂಕಿನ ಕಟ್ಟೆ ಕಳೆಯಿರಿ.

ಇನ್ನು ದಪ್ಪ. ಇಕೋ ನಿವಾಸ್ ಸಂಹಿತಾ 2018 (ಮನೆಗಳ ಇಂಧನ ಉಳಿತಾಯದ ಸಂಹಿತೆ) ಛಾವಣಿಯಿಂದ ಒಳಗಿಳಿಯೋ ಶಾಖಕ್ಕೆ ಇಟ್ಟಿರುವ ಮಿತಿ ಚದರ ಮೀಟರಿಗೆ, ಡಿಗ್ರಿಗೆ 1.2 ವ್ಯಾಟ್. ಬರೀ 4 ಇಂಚು ಸ್ಲ್ಯಾಬು 3ಕ್ಕಿಂತ ಮೇಲಿರುತ್ತೆ. 25 ಮಿ.ಮೀ. ಶೀಟಿಗೇ 0.9ರ ಹತ್ತಿರ ಇಳಿಯುತ್ತೆ, 50ಕ್ಕೆ 0.5. ಮೊದಲ 25ರಲ್ಲಿ ಸಿಕ್ಕಷ್ಟು ಲಾಭ ಎರಡನೇ 25ರಲ್ಲಿ ಸಿಗಲ್ಲ. 50 ಶೀಟು, ಮೇಲೆ 50 ಕಾಂಕ್ರೀಟು ಅಂದರೆ ತಾರಸಿ 4 ಇಂಚು ಏರುತ್ತೆ. ಮೆಟ್ಟಿಲ ಬಾಗಿಲಿನ ಹೊಸ್ತಿಲು ಅದಕ್ಕಿಂತ ತಗ್ಗಿದ್ದರೆ ಮಳೆ ನೀರು ಒಳಗೇ ಬರುತ್ತೆ.

ವಿಜಯನಗರ: ಉಪಗ್ರಹದ ಶಾಖದ ನಕ್ಷೆಯಲ್ಲಿ ನಮ್ಮ ಏರಿಯಾ ಕೆಂಪಗಿದೆ. ನಮ್ಮನೆದು ಗೊತ್ತಾಗುತ್ತಾ?

ಎಂಜಿನಿಯರ್: ಇಲ್ಲ. ಲ್ಯಾಂಡ್‌ಸ್ಯಾಟ್ 8 ಶಾಖ ಅಳೆಯೋದು 100 ಮೀಟರಿನ ಚೌಕಕ್ಕೆ. ನಿಮ್ಮ ಸೈಟು 9×12 ಮೀಟರ್. ಒಂದೇ ಚೌಕದಲ್ಲಿ ನಿಮ್ಮ ಇಡೀ ಕ್ರಾಸ್ ಇದೆ. ಆ ಉಪಗ್ರಹ ಹಾದುಹೋಗೋದೂ ಬೆಳಿಗ್ಗೆ ಹತ್ತೂವರೆ ಆಸುಪಾಸು, ಸ್ಲ್ಯಾಬಿನ ಕಾವು ಒಳಗಿಳಿಯೋದು ಸಂಜೆ. 5ರಿಂದ 7ರೊಳಗೆ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಸೂರನ್ನೂ ಒಳಗೋಡೆಯನ್ನೂ ಅಳೆದು ಎರಡರ ವ್ಯತ್ಯಾಸ ಬರೆಯಿರಿ.

ರಾಮಕೃಷ್ಣನಗರ: ನಕ್ಷೆಯಲ್ಲಿ ಪಕ್ಕದ ಕಟ್ಟಡದ ನೆರಳು ನಮ್ಮ ತಾರಸಿ ಮೇಲಿದೆ. ಇನ್ಸುಲೇಷನ್ ಬೇಡ ಅಲ್ವಾ?

ಎಂಜಿನಿಯರ್: ಚಿತ್ರದ ತಾರೀಖು ನೋಡಿ. ಡಿಸೆಂಬರಿನದಾದರೆ ನೆರಳು ಉದ್ದ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ಮೈಸೂರಿನ ನೆತ್ತಿ ಮೇಲೇ ಇರ್ತಾನೆ, ಆಗ ಆ ನೆರಳು ಇರಲ್ಲ.

ಸರಸ್ವತಿಪುರಂ: ಬಿಳಿ ಬಣ್ಣ ಸಾಕಾಗಲ್ವಾ?

ಎಂಜಿನಿಯರ್: ತಾರಸಿ ಸೋರದಿದ್ದರೆ ಮೊದಲು ಅದನ್ನೇ ಮಾಡಿ. ಧೂಳು ಕೂತರೆ ಫಲ ಕಮ್ಮಿ, ಬೇಸಿಗೆಗೆ ಮುಂಚೆ ತೊಳೆಯಿರಿ.

ಜೆ.ಪಿ. ನಗರ: ಫಾರ್ವರ್ಡ್: "ತಾರಸಿಯಲ್ಲಿ 2 ಇಂಚು ನೀರು ನಿಲ್ಲಿಸಿ, ಸೂರಿಗೆ ಥರ್ಮಾಕೋಲ್ ಅಂಟಿಸಿ, ಎಸಿಯೇ ಬೇಡ."

ಎಂಜಿನಿಯರ್: ಎರಡೂ ಮಾಡಬೇಡಿ. ನಿಂತ ನೀರು ಬಿರುಕಿನಿಂದ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತೆ. ಥರ್ಮಾಕೋಲಿಗೆ ಬೆಂಕಿ ತಗುಲಿದರೆ ಕಪ್ಪು ಹೊಗೆ, ಕರಗಿ ತಲೆ ಮೇಲೆ ತೊಟ್ಟಿಕ್ಕುತ್ತೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಅಗ್ರಹಾರ: ನಾಳೆ ಮೇಸ್ತ್ರಿ ಬರ್ತಾರೆ ಮೇಡಂ, ಇಡೀ ತಾರಸಿಗೆ ಶೀಟು, ಮೇಲೆ 2 ಇಂಚು ಕಾಂಕ್ರೀಟು. ರಸೀದಿಯಲ್ಲಿ ಆರ್‌ಸಿಸಿ ಅಂತಿದೆ. ಆದರೆ ಹಿಂದಿನ 10×12 ಕೋಣೆಯ ಸೂರಿನಲ್ಲಿ ಮರದ ತೊಲೆ, ನಡುವೆ ಇಟ್ಟಿಗೆ. ಒಂದು ತೊಲೆಯ ಪಕ್ಕ ಗೋಡೆ ಮೇಲೆ ಮಣ್ಣಿನ ಗೆರೆ ಇದೆ.

ಎಂಜಿನಿಯರ್: ಕೆಲಸ ನಿಲ್ಲಿಸಿ. ಅದು ಮದ್ರಾಸ್ ಟೆರೇಸ್. ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿದಿರುತ್ತಾರೆ. ಶೀಟು ಹಗುರ, ಭಯ 2 ಇಂಚು ಕಾಂಕ್ರೀಟಿನದು. ಆ ಒಂದು ಕೋಣೆಯ ಮೇಲೇ ಸುಮಾರು 1.3 ಟನ್ ಹೊಸ ಭಾರ ಕೂರುತ್ತೆ. ಮಣ್ಣಿನ ಗೆರೆ ಗೆದ್ದಲಿನ ದಾರಿ.

ಇನ್ನೊಂದು ಅಪಾಯ ತೇವ. ಗಾರೆ ನೀರು ಹೀರಿ ಮತ್ತೆ ಬಿಡುತ್ತೆ. ಮೇಲೆ ಪ್ಲಾಸ್ಟಿಕ್ ಶೀಟು ಮುಚ್ಚಿದರೆ ತೇವಕ್ಕೆ ಉಳಿಯೋ ದಾರಿ ಕೆಳಗಿನ ಮರ. ಗೋಡೆಯೊಳಗೆ ಹೊಕ್ಕಿರುವ ತೊಲೆಯ ತುದಿ ಮೊದಲು ಕೊಳೆಯುತ್ತೆ, ಹೊರಗೆ ಕಾಣಲ್ಲ.

ರಸೀದಿಯನ್ನು ನಂಬಬೇಡಿ. ಕಂದಾಯಕ್ಕೆ ಘೋಷಿಸೋದು ಮಾಲೀಕರೇ. ಮುಂಭಾಗ ಹೊಸದಾಗಿ ಕಟ್ಟಿದ್ದರೆ ಇಡೀ ಮನೆಗೆ ಆರ್‌ಸಿಸಿ ಅಂತ ಬರೆದುಬಿಟ್ಟಿರಬಹುದು. ಉಪಗ್ರಹಕ್ಕೂ ಎರಡೂ ಚಪ್ಪಟೆ ಛಾವಣಿಯೇ. ಪ್ರತಿ ತೊಲೆ ಗೋಡೆ ಸೇರುವಲ್ಲಿ ಸ್ಕ್ರೂಡ್ರೈವರ್ ಒತ್ತಿ ಎಷ್ಟು ಇಳಿಯುತ್ತೆ ನೋಡಿ. ತುದಿಯಿಂದ ತುದಿಗೆ ದಾರ ಬಿಗಿದು ನಡುವೆ ಎಷ್ಟು ಬಾಗಿದೆ ಅಳೆಯಿರಿ. ಇವತ್ತೇ ತಿಳಿಸಿ.

ಮಂಡ್ಯ, ಅಶೋಕನಗರ: ಕಬ್ಬಿನ ಸಿಪ್ಪೆಯ ಹಲಗೆಯಿಂದ ಫಾಲ್ಸ್ ಸೀಲಿಂಗ್ ಮಾಡಬಹುದಾ?

ಹೆಬ್ಬಾಳ: ನಾವು ಮೇಲಿನ ಮನೆ ಬಾಡಿಗೆಗಿದ್ದೀವಿ. ಓನರ್ ಹಾಕಿಸಲ್ಲ ಅಂತಾರೆ. ಸೆಕೆ ನಮಗೆ, ಸ್ಲ್ಯಾಬು ಅವರದು.

ಸರಸ್ವತಿಪುರಂ: ಕರೆಂಟ್ ಬಿಲ್ ಉಳಿಯೋದು ನಿಮಗೆ ತಾನೇ? ಓನರ್ ಯಾಕೆ ಹಾಕಿಸಬೇಕು?

ಹೆಬ್ಬಾಳ: ಖಾಲಿ ಮಾಡುವಾಗ ಶೀಟು ಕಿತ್ಕೊಂಡು ಹೋಗಕ್ಕಾಗುತ್ತಾ?

ಸರಸ್ವತಿಪುರಂ: ಹಾಗಾದ್ರೆ ಬೇರೆ ಮನೆ ನೋಡ್ಕೊಳ್ಳಿ.

ಕುವೆಂಪುನಗರ: ಮಾತು ಸರಿಯಾಗಿರಲಿ ಸ್ವಾಮಿ. ಅರ್ಧರ್ಧ ಹಾಕ್ಕೊಳ್ಳಿ, ಮುಗೀತು.

ಸರಸ್ವತಿಪುರಂ: ನಿಮ್ಮನ್ನ ಯಾರು ಕೇಳಿದ್ರು?

ಬೋಗಾದಿ: ಬಿಳಿ ಬಣ್ಣ ಹೊಡೆದ್ರೆ ಸಾಕಾ ಮೇಡಂ?

ಎಂಜಿನಿಯರ್: ಮೇಲಿದೆ, ಓದಿ. ಬಾಡಿಗೆ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಅಗ್ರಹಾರದವರು ಎಲ್ಲಿ?

ಅಗ್ರಹಾರ: ಗೆರೆ ಇರುವ ತೊಲೆಯಲ್ಲಿ ಸ್ಕ್ರೂಡ್ರೈವರ್ ಒಂದಿಂಚು ಸಲೀಸಾಗಿ ಇಳೀತು. ನಡುವೆ ಒಂದೂಕಾಲು ಇಂಚು ಬಾಗಿದೆ. ಮೇಲೆ 500 ಲೀಟರ್ ಟ್ಯಾಂಕ್ ಇದೆ.

ಎಂಜಿನಿಯರ್: ಟ್ಯಾಂಕ್ ಈಗಲೇ ಖಾಲಿ ಮಾಡಿ. ಆ ಕೋಣೆಯಲ್ಲಿ ಇವತ್ತು ರಾತ್ರಿ ಯಾರೂ ಮಲಗಬೇಡಿ, ತಾರಸಿಗೂ ಯಾರೂ ಹತ್ತಬೇಡಿ. ಮೇಸ್ತ್ರಿಗೆ ಫೋನ್ ಮಾಡಿ ಶೀಟು ಬೇಡ, ಕಬ್ಬಿಣದ ಪ್ರಾಪು (ಆಸರೆ ಕಂಬ) ತನ್ನಿ ಅನ್ನಿ. ತೊಲೆಗಳಿಗೆ ಅಡ್ಡವಾಗಿ ದಪ್ಪ ಹಲಗೆ ಕೊಟ್ಟು, ಗೋಡೆಯಿಂದ ಎರಡಡಿ ಒಳಗೆ ಎರಡೂ ಕಡೆ ನಿಲ್ಲಿಸಲಿ. ಜಾಕಿ ತಿರುಗಿಸಿ ಬಾಗಿದ್ದನ್ನು ಮೇಲೆತ್ತಲು ಹೋಗಬಾರದು, ಗಾರೆ ಬಿರಿಯುತ್ತೆ. ಬಿಗಿಯಾಗಿ ತಾಗಿದರೆ ಸಾಕು. ನಿಲ್ಲಿಸಿದ ಮೇಲೆ ಫೋಟೊ ಹಾಕಿ.